ಹಳೆಯ ಟಿಪ್ಪಣಿಯ ಸರಪಳಿ-ಆಣೆಯನ್ನು ಹೆಕ್ಟೇರಿಗೆ ತರುವುದು ಹೇಗೆ?

ಶಿಗ್ಗಾವಿ ಹೊಲದವರು

ನಮ್ಮ ಮನೆತನದ ಮೂರುಮೂಲೆಯ ಹೊಲವೊಂದು ಶಿಗ್ಗಾವಿ ತಾಲೂಕಿನಲ್ಲಿದೆ. ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಅದರ ವಿಸ್ತೀರ್ಣ 1-17-13 (ಎಕರೆ-ಗುಂಟೆ-ಆಣೆ) ಎಂದಿದೆ. ಅಣ್ಣತಮ್ಮಂದಿರ ವಾಟ್ನಿಗಾಗಿ (ಪಾಲು ಹಂಚಿಕೆಗಾಗಿ) ನಕ್ಷೆಯನ್ನು ಮೀಟರಿನಲ್ಲಿ ಬರೆಸಬೇಕಾಗಿರುವುದರಿಂದ ಹಳೆಯ ಟಿಪ್ಪಣಿಯ, ಅಂದರೆ ಮೋಜಣಿಯಲ್ಲಿ (ಭೂಮಾಪನದಲ್ಲಿ) ಅಳತೆ ಬರೆದಿಟ್ಟ ಕಾಗದದ, ನಕಲನ್ನು ತೆಗೆಸಿದ್ದೇವೆ. ಅದರಲ್ಲಿ ಉದ್ದನೆಯ ಬೇಸ್‌ಲೈನಿನ ಮೇಲೆ 18-8 ಎಂದೂ, ಅದರಿಂದ ಎದುರಿನ ಬಾಂದಗಲ್ಲಿಗೆ (ಗಡಿಕಲ್ಲಿಗೆ) ಎಳೆದ ಲಂಬದ ಮೇಲೆ 6-4 ಎಂದೂ ಬರೆದಿದೆ. ನಮ್ಮ ಅಳಿಯ ಸಿವಿಲ್ ಎಂಜಿನಿಯರು. ಅವರು ಒಂದು ಸರಪಳಿಗೆ 20.1168 ಮೀಟರ್ ಹಿಡಿದು ಲೆಕ್ಕ ಮಾಡಿ 2.34 ಹೆಕ್ಟೇರ್ ಎನ್ನುತ್ತಾರೆ. ಉತಾರದ ಪ್ರಕಾರ ಅದು ಅರ್ಧ ಹೆಕ್ಟೇರಿಗಿಂತ ತುಸು ಹೆಚ್ಚು ಮಾತ್ರ ಆಗಬೇಕು. ಒಂದೇ ಹೊಲಕ್ಕೆ ನಾಲ್ಕು ಪಟ್ಟು ಅಂತರ ಬರುವುದು ಎಲ್ಲಿಂದ? ತಿಳಿದವರು ದಯವಿಟ್ಟು ಬಿಡಿಸಿ ಹೇಳಬೇಕು.

ಕಲಘಟಗಿಯವ

ನಾಲ್ಕು ಪಟ್ಟು ಎಂದ ಕೂಡಲೇ ಉತ್ತರ ಸಿಕ್ಕಂತಾಯಿತು. ನಿಮ್ಮ ಅಳಿಯಂದಿರು ಹಿಡಿದಿರುವ ಸರಪಳಿ ನಮ್ಮ ಸೀಮೆಯದಲ್ಲ.

ನಿವೃತ್ತ ಭೂಮಾಪಕ, ಧಾರವಾಡ

ಮೇಲಿನವರು ಸರಿಯಾಗಿ ಹೇಳಿದ್ದಾರೆ, ಆದರೆ ಸ್ವಲ್ಪ ವಿವರ ಬೇಕು. ಎಂಜಿನಿಯರಿಂಗ್ ಪಠ್ಯಪುಸ್ತಕಗಳಲ್ಲಿ ಬರುವ ಸರಪಳಿಯು ಗುಂಟರನ ಸರಪಳಿ. ಅದು 66 ಅಡಿ ಉದ್ದವಿದ್ದು ಅದರಲ್ಲಿ 100 ಕೊಂಡಿಗಳಿರುತ್ತವೆ, ಮತ್ತು ಅಂಥ 10 ಚದರ ಸರಪಳಿ ಸೇರಿದರೆ ಒಂದು ಎಕರೆ. ಮುಂಬಯಿ ಪ್ರಾಂತದ ಮೋಜಣಿಯಲ್ಲಿ, ಅಂದರೆ ಧಾರವಾಡ, ಗದಗ, ಹಾವೇರಿಗಳ ನಮ್ಮ ಹಳೆಯ ದಾಖಲೆಗಳಲ್ಲಿ, ಬಳಸಿದ್ದು ಅದರ ಅರ್ಧದಷ್ಟು, 33 ಅಡಿಯ ಸರಪಳಿ. ಅದನ್ನು 16 ಆಣೆಗಳಾಗಿ ಭಾಗಿಸಿದ್ದರು. ಈ ಸರಪಳಿಯ ಜಾಣ್ಮೆ ಏನೆಂದರೆ, ಒಂದು ಸರಪಳಿ ಉದ್ದ ಮತ್ತು ಒಂದು ಸರಪಳಿ ಅಗಲದ ಚೌಕವು ಸರಿಯಾಗಿ ಒಂದು ಗುಂಟೆಯಾಗುತ್ತದೆ. 33 ಗುಣಿಸು 33 ಎಂದರೆ 1089 ಚದರ ಅಡಿ, ಅಂಥ 40 ಸೇರಿದರೆ 43,560 ಚದರ ಅಡಿಯ ಎಕರೆ. ಆದ್ದರಿಂದ ಹೊಲದಲ್ಲಿ ನಿಂತ ಮೋಜಣಿದಾರನು ಅಡಿಯ ಗೊಡವೆಗೇ ಹೋಗದೆ ಸರಪಳಿಯನ್ನು ಸರಪಳಿಯಿಂದ ಗುಣಿಸಿ ನೇರವಾಗಿ ಗುಂಟೆ ಬರೆಯುತ್ತಿದ್ದನು.

ನಿಮ್ಮ ಹೊಲವನ್ನೇ ತೆಗೆದುಕೊಳ್ಳಿ. 18 ಸರಪಳಿ 8 ಆಣೆ ಎಂದರೆ ಹದಿನೆಂಟೂವರೆ, 6 ಸರಪಳಿ 4 ಆಣೆ ಎಂದರೆ ಆರೂಕಾಲು. 18.5 ಗುಣಿಸು 6.25, ಅದರ ಅರ್ಧ, 57.8125 ಗುಂಟೆ. ಅದರಿಂದ ಎಕರೆಯ 40 ಗುಂಟೆ ಕಳೆದರೆ 17 ಗುಂಟೆ, ಉಳಿದ 0.8125 ಗುಂಟೆಯನ್ನು 16ರಿಂದ ಗುಣಿಸಿದರೆ ಸರಿಯಾಗಿ 13 ಆಣೆ. ನಿಮ್ಮ ಉತಾರವೂ ಅದನ್ನೇ ಹೇಳುತ್ತಿದೆ. ಟಿಪ್ಪಣಿಗೂ ಉತಾರಕ್ಕೂ ಒಂದು ಆಣೆಯ ಭೇದವೂ ಇಲ್ಲದಿರುವುದು ಸಂತೋಷದ ಸಂಗತಿ, ಎಲ್ಲ ಹೊಲಗಳಿಗೂ ಆ ಭಾಗ್ಯವಿರುವುದಿಲ್ಲ.

ಲೆಕ್ಕದ ಮಾಸ್ತರು, ಹಾವೇರಿ

ಇನ್ನು ಮೀಟರಿಗೆ ಬರೋಣ. ಅಡಿಯು 0.3048 ಮೀಟರ್ ಆದ್ದರಿಂದ ನಮ್ಮ ಸರಪಳಿ 10.0584 ಮೀಟರ್, ಉದ್ದದ ಆಣೆ 62.865 ಸೆಂಟಿಮೀಟರ್. ಗುಂಟೆಯು 101.1714 ಚದರ ಮೀಟರ್, ವಿಸ್ತೀರ್ಣದ ಆಣೆ 6.3232 ಚದರ ಮೀಟರ್, ಎಕರೆಯು 4046.856 ಚದರ ಮೀಟರ್. ತಮ್ಮ ಹೊಲದ ಬೇಸ್‌ಲೈನು 186.08 ಮೀಟರ್, ಲಂಬ 62.865 ಮೀಟರ್, ವಿಸ್ತೀರ್ಣ 5848.97 ಚದರ ಮೀಟರ್, ಅಂದರೆ 0.5849 ಹೆಕ್ಟೇರ್. ಅಳಿಯಂದಿರ 2.34ನ್ನು ನಾಲ್ಕರಿಂದ ಭಾಗಿಸಿದರೂ ಇದೇ ಬರುತ್ತದೆ. ಉದ್ದ ಇಮ್ಮಡಿಯಾದರೆ ವಿಸ್ತೀರ್ಣ ನಾಲ್ಮಡಿಯಾಗುವುದು ಏಳನೆಯ ತರಗತಿಯ ಪಾಠವಾಗಿದೆ.

ಹುಬ್ಬಳ್ಳಿ ನವನಗರ

ಇಷ್ಟೆಲ್ಲ ಏಕೆ? ಒಂದು ಗುಂಟೆ ಎಂದರೆ ಒಂದು ಆರ್, ನೂರು ಚದರ ಮೀಟರ್ ಎಂದು ಹಿಡಿದರೆ ಮುಗಿಯಿತು. ಜಮೀನಿನ ವ್ಯವಹಾರ ಮಾಡುವವರೆಲ್ಲರೂ ಹಾಗೆಯೇ ಮಾಡುತ್ತಾರೆ.

ಲೆಕ್ಕದ ಮಾಸ್ತರು, ಹಾವೇರಿ

ಒಂದು ಪ್ಲಾಟಿನ ಮಟ್ಟಿಗೆ ನಡೆಯಬಹುದು. 25 ಎಕರೆಗೆ ನಡೆಯುವುದಿಲ್ಲ. 25 ಎಕರೆ ಎಂದರೆ 1000 ಗುಂಟೆ, ತಮ್ಮ ಲೆಕ್ಕದಲ್ಲಿ 10 ಹೆಕ್ಟೇರ್, ನಿಜವಾಗಿ 10.117 ಹೆಕ್ಟೇರ್. ನಡುವೆ ಕಳೆದುಹೋದದ್ದು ಹನ್ನೊಂದೂವರೆ ಗುಂಟೆಗಿಂತ ಹೆಚ್ಚು. ಅದನ್ನು ಬಿಟ್ಟುಕೊಡಲು ಸಿದ್ಧರಿರುವ ಜಮೀನುದಾರರನ್ನು ನಾನು ಇನ್ನೂ ನೋಡಿಲ್ಲ.

ಹುಬ್ಬಳ್ಳಿ ನವನಗರ

ಕೊಳ್ಳುವವನಾಗಿದ್ದರೆ ಸಿದ್ಧನಿರುತ್ತಾನೆ.

ಮುಂಡರಗಿಯಿಂದ

ನಮ್ಮ ಕಡೆಯ ತೊಡಕು ಬೇರೆಯೇ ಇದೆ. ನಮ್ಮ ಬೀಗರು ತುಂಗಭದ್ರೆಯ ಆಚೆ, ಹೂವಿನಹಡಗಲಿ ಸೀಮೆಯವರು. ಆ ಭಾಗ ಹಿಂದೆ ಬಳ್ಳಾರಿ ಜಿಲ್ಲೆಯೊಂದಿಗೆ ಮದ್ರಾಸ್ ಪ್ರಾಂತದಲ್ಲಿದ್ದುದರಿಂದ ಅಲ್ಲಿ ಎಕರೆಯನ್ನು 100 ಸೆಂಟ್ಸುಗಳಾಗಿ ಒಡೆಯುತ್ತಾರೆ. ಅವರ ಪತ್ರದಲ್ಲಿ 1.25 ಎಂದಿದ್ದರೆ ಒಂದೂಕಾಲು ಎಕರೆ, ಅಂದರೆ ನಮ್ಮ ಲೆಕ್ಕದಲ್ಲಿ 1 ಎಕರೆ 10 ಗುಂಟೆ. ನಮ್ಮ ಉತಾರದಲ್ಲಿ 1.25 ಎಂದಿದ್ದರೆ 1 ಎಕರೆ 25 ಗುಂಟೆ. ನದಿ ದಾಟಿದರೆ ಅದೇ ಅಂಕಿಗೆ 15 ಗುಂಟೆಯ ಅಂತರ ಬೀಳುತ್ತದೆ. ಮದುವೆಯ ಮಾತುಕತೆಯಲ್ಲಿ ಹುಡುಗನ ಹೆಸರಿನಲ್ಲಿ ಎಷ್ಟು ಜಮೀನಿದೆ ಎಂಬ ಪ್ರಶ್ನೆಗೆ ಎರಡೂ ಕಡೆಯವರು ಪ್ರಾಮಾಣಿಕವಾಗಿಯೇ ಉತ್ತರಿಸಿ, ಎರಡೂ ಕಡೆಯವರು ತಪ್ಪಾಗಿ ತಿಳಿದುಕೊಂಡದ್ದನ್ನು ಕಣ್ಣಾರೆ ಕಂಡಿದ್ದೇನೆ.

ತಾಲೂಕು ಕಂಪ್ಯೂಟರಿನವ

ಮುಂಡರಗಿಯವರು ಹೇಳಿದ ಆ ಚುಕ್ಕೆಯೇ ಎಲ್ಲ ರಗಳೆಗಳ ಮೂಲ. ಉತಾರದ 3.20 ಎಂಬುದು 3 ಎಕರೆ 20 ಗುಂಟೆ, ಅಂದರೆ ಮೂರೂವರೆ ಎಕರೆ, 1.416 ಹೆಕ್ಟೇರ್. ಅದನ್ನು ಎಕ್ಸೆಲ್ ಹಾಳೆಗೆ ಹಾಗೆಯೇ ಬಡಿದು 0.4047ರಿಂದ ಗುಣಿಸಿದರೆ 1.295 ಹೆಕ್ಟೇರ್ ಬರುತ್ತದೆ, ಮತ್ತು 12 ಗುಂಟೆ ಯಾರ ಅರಿವಿಗೂ ಬಾರದೆ ಕರಗಿಹೋಗುತ್ತದೆ. ಕೂಡಿಸುವಾಗಲೂ ಅದೇ ಕಥೆ. 2.30 ಮತ್ತು 1.25 ಕೂಡಿಸಿದರೆ ಕ್ಯಾಲ್ಕ್ಯುಲೇಟರು 3.55 ತೋರಿಸುತ್ತದೆ, ಸರಿಯಾದ ಉತ್ತರ 4 ಎಕರೆ 15 ಗುಂಟೆ. ನಾನು ಯಾವಾಗಲೂ ಮೂರನ್ನೂ ಬೇರೆ ಬೇರೆ ಕಂಬಸಾಲಿನಲ್ಲಿ ತುಂಬಿ, ಎಲ್ಲವನ್ನೂ ಮೊದಲು ಆಣೆಗೆ ಇಳಿಸುತ್ತೇನೆ. ಎಕರೆಯನ್ನು 640ರಿಂದ, ಗುಂಟೆಯನ್ನು 16ರಿಂದ ಗುಣಿಸಿ ಆಣೆಯನ್ನು ಸೇರಿಸಿ, ಬಂದ ಮೊತ್ತವನ್ನು 6.3232132ರಿಂದ ಗುಣಿಸಿದರೆ ಚದರ ಮೀಟರ್ ಸಿಗುತ್ತದೆ. ಶಿಗ್ಗಾವಿಯವರ ಹೊಲ 925 ಆಣೆ. ಗುಣಿಸಿ ನೋಡಿ, ಮಾಸ್ತರರ 5848.97 ಬರುತ್ತದೆ.

ಕಲಘಟಗಿಯವ

1957ರಲ್ಲಿ ನಯಾಪೈಸೆ ಬಂದ ಮೇಲೆ ನಾಣ್ಯದಿಂದ ಆಣೆ ಹೋಯಿತು. ಹೊಲದಿಂದ ಮಾತ್ರ ಅದನ್ನು ಎಬ್ಬಿಸಲು ಯಾರಿಗೂ ಆಗಿಲ್ಲ.

ನಿವೃತ್ತ ಭೂಮಾಪಕ, ಧಾರವಾಡ

ಎಬ್ಬಿಸುವುದು ದೂರ ಉಳಿಯಿತು, ಮೊದಲು ಯಾವ ಆಣೆ ಎಂದು ಗುರುತಿಸಬೇಕು. ಹಳೆಯ ಕಾಗದದ ಒಂದೇ ಪುಟದಲ್ಲಿ ಹಲವು ಆಣೆಗಳು ಕುಳಿತಿರುತ್ತವೆ. ಟಿಪ್ಪಣಿಯ ಗೆರೆಯ ಮೇಲಿನ ಆಣೆ ಉದ್ದದ್ದು, ಸರಪಳಿಯ ಹದಿನಾರನೆಯ ಒಂದು ಪಾಲು. ಕ್ಷೇತ್ರದ ಅಂಕಣದಲ್ಲಿರುವ ಆಣೆ ವಿಸ್ತೀರ್ಣದ್ದು, ಗುಂಟೆಯ ಹದಿನಾರನೆಯ ಒಂದು ಪಾಲು. ಆಕಾರದ ಅಂಕಣದಲ್ಲಿರುವುದು ರೂಪಾಯಿ-ಆಣೆ-ಪೈ ಲೆಕ್ಕದ ಕಂದಾಯ. ವಾಟ್ನಿ ಪತ್ರದಲ್ಲಿ ನಾಲ್ಕಾಣೆ ಹಿಸ್ಸೆ ಎಂದಿದ್ದರೆ ಕಾಲುಭಾಗದ ಪಾಲು. ಮಣ್ಣಿನ ವರ್ಗೀಕರಣವನ್ನೂ ಮುಂಬಯಿ ಪದ್ಧತಿಯವರು ಆಣೆಯಲ್ಲೇ ಮಾಡಿದರು. ಗೋಲ್ಡ್‌ಸ್ಮಿಡ್, ವಿಂಗೇಟ್, ಡೇವಿಡ್‌ಸನ್ ಎಂಬ ಅಧಿಕಾರಿಗಳ 1847ರ ಜಂಟಿ ವರದಿಯಲ್ಲಿ ಮಣ್ಣಿನ ಬಣ್ಣ, ಆಳಗಳನ್ನು ನೋಡಿ, ಉತ್ತಮವಾದದ್ದಕ್ಕೆ 16 ಆಣೆ ಎಂದು ಇಟ್ಟು ಅಲ್ಲಿಂದ ಇಳಿಸುತ್ತ ಬರುವ ಕ್ರಮವಿದೆ. ಪುಟದಲ್ಲಿ 12 ಆಣೆ ಎಂದು ಕಂಡೊಡನೆ ಚದರ ಮೀಟರಿಗೆ ತಿರುಗಿಸಲು ಹೊರಟರೆ ಎರಿ (ಕಪ್ಪು) ಮಣ್ಣಿನ ಗುಣವನ್ನು ಹೆಕ್ಟೇರಿನಲ್ಲಿ ಬರೆದಂತಾದೀತು.

ಇನ್ನೊಂದು ಮಾತು. 18-8ನ್ನು 18.8 ಎಂದು ಓದಬಾರದು. ಶಿಗ್ಗಾವಿಯವರ ಹೊಲವನ್ನು 18.8 ಮತ್ತು 6.4 ಎಂದು ಹಿಡಿದರೆ 60 ಗುಂಟೆಯ ಮೇಲೆ ಹೋಗುತ್ತದೆ, ಇಲ್ಲದ ಎರಡು ಗುಂಟೆಗಳು ಹುಟ್ಟಿಕೊಳ್ಳುತ್ತವೆ. ನಾಲ್ಕು ಪಟ್ಟಿನ ತಪ್ಪನ್ನು ಯಾರಾದರೂ ಹಿಡಿಯುತ್ತಾರೆ. ಈ ಎರಡು ಗುಂಟೆಯ ತಪ್ಪು ಕೋರ್ಟಿನ ತನಕ ಹೋಗುತ್ತದೆ.

ರಾಣೇಬೆನ್ನೂರು ರೈತ

ನೀವೆಲ್ಲ ಆಣೆಯ ಬಗ್ಗೆ ಜಗಳಾಡುತ್ತಿದ್ದೀರಿ. ನಮ್ಮ ಊರಿನಲ್ಲಿ ಇಂದಿಗೂ ಮಾತು ನಡೆಯುವುದು ಬಿತ್ತುವ ಕೂರಿಗಿಯ ಲೆಕ್ಕದಲ್ಲಿ. ಒಂದು ಕೂರಿಗಿ ಹೊಲ ಎಂದರೆ 4 ಎಕರೆ, ಸುಮಾರು 1.62 ಹೆಕ್ಟೇರ್. ಇದಕ್ಕೆ ದಶಾಂಶವೂ ಬೇಡ, ಸರಪಳಿಯೂ ಬೇಡ.

ಅಣ್ಣಿಗೇರಿ ಎರಿಹೊಲ

4 ಎಕರೆ ಎಂದು ಯಾವ ಕಾಯ್ದೆಯಲ್ಲಿದೆ? ಒಂದು ಜೋಡಿ ಎತ್ತಿನ ಕೂರಿಗಿಯು ಒಂದು ದಿನದಲ್ಲಿ ಬಿತ್ತಬಲ್ಲಷ್ಟು ನೆಲ ಎಂಬುದು ಅದರ ಮೂಲ. ಎರಿ ಹೊಲದಲ್ಲಿ ಹದ ಸಿಕ್ಕ ದಿನ ಎತ್ತುಗಳು ನಡೆಯುವ ವೇಗ ಬೇರೆ, ಮಸಾರಿ ಎಂಬ ಕೆಂಪು ನೆಲದಲ್ಲಿ ಬೇರೆ, ಎತ್ತಿನ ಕಸುವು ಬೇರೆ. 4 ಎಕರೆ ಎಂಬುದು ಆಡುಮಾತಿನ ಅಂದಾಜು. ಅದನ್ನು 1.6187 ಹೆಕ್ಟೇರ್ ಎಂದು ನಾಲ್ಕು ದಶಾಂಶಕ್ಕೆ ಬರೆಯುವವರನ್ನು ಕಂಡರೆ ನನಗೆ ನಗೆ ಬರುತ್ತದೆ.

ರಾಣೇಬೆನ್ನೂರು ರೈತ

ನಾನು ನಾಲ್ಕು ದಶಾಂಶ ಬರೆದಿಲ್ಲ, ಸುಮಾರು ಎಂದೇ ಬರೆದಿದ್ದೇನೆ. ಊರಿನಲ್ಲಿ ಎರಡು ಕೂರಿಗಿ ಹೊಲ ಎಂದು ಮಾತು ಮುಗಿಸಿದವರು ಖರೀದಿ ಪತ್ರಕ್ಕೆ ಎಕರೆ-ಗುಂಟೆಯನ್ನೇ ಹಾಕಿಸುತ್ತಾರೆ, ಅಷ್ಟು ಎಚ್ಚರ ನಮಗೂ ಇದೆ.

ಗದಗಿನ ಶಾಸನಾಸಕ್ತ

ಕೂರಿಗಿಗೆ ಬಂದಿರಿ ಎಂದಮೇಲೆ ಇನ್ನೂ ಹಿಂದಕ್ಕೆ ಹೋಗೋಣ. ನಮ್ಮ ಭಾಗದ ಚಾಳುಕ್ಯರ ಕಾಲದ ದಾನಶಾಸನಗಳಲ್ಲಿ ಭೂಮಿಯನ್ನು ಮತ್ತರು, ಕಮ್ಮಗಳಲ್ಲಿ ಹೇಳಿದೆ. ಅಳೆಯುವ ಕೋಲಿಗೆ ಗಳೆ ಎಂದು ಹೆಸರು, ಮತ್ತು ಗಳೆಯು ಊರಿಂದೂರಿಗೆ ಬೇರೆ ಬೇರೆಯಾಗಿತ್ತು. ಹಾವೇರಿ ಜಿಲ್ಲೆಯ ಗಡಿಯಿಂದ ದೂರವಿಲ್ಲದ ಬಳ್ಳಿಗಾವಿಯ ಶಾಸನಗಳಲ್ಲಿ ಭೇರುಂಡ ಗಳೆ ಎಂಬ ಅಳತೆಗೋಲಿನ ಉಲ್ಲೇಖವಿದೆ. ಅಲ್ಲಿನ ಗಂಡಭೇರುಂಡದ ಕಂಬವನ್ನು 1047ರಲ್ಲಿ ನಿಲ್ಲಿಸಿದ್ದು. ದಾನ ಕೊಟ್ಟ ಭೂಮಿಯನ್ನು ಯಾವ ಗಳೆಯಿಂದ ಅಳೆದದ್ದು ಎಂದು ಶಾಸನದಲ್ಲೇ ಹೇಳುತ್ತಿದ್ದರು, ಏಕೆಂದರೆ ಗಳೆಯ ಹೆಸರಿಲ್ಲದೆ ಮತ್ತರಿನ ಸಂಖ್ಯೆಗೆ ಬೆಲೆಯಿರಲಿಲ್ಲ.

ಹುಬ್ಬಳ್ಳಿ ನವನಗರ

ಹಾಗಾದರೆ ಒಂದು ಮತ್ತರಿಗೆ ಎಷ್ಟು ಹೆಕ್ಟೇರ್? ಒಂದು ಅಂಕಿ ಹೇಳಿ.

ಗದಗಿನ ಶಾಸನಾಸಕ್ತ

ಒಂದು ಅಂಕಿ ಹೇಳುವವರನ್ನು ನಂಬಬೇಡಿ. ವಿದ್ವಾಂಸರಲ್ಲಿ ಒಮ್ಮತವಿಲ್ಲ, ಇರಲು ಸಾಧ್ಯವೂ ಇಲ್ಲ. ಗಳೆಯ ಉದ್ದವನ್ನು ಇಷ್ಟು ಗೇಣು ಎಂದು ಹೇಳಿರುವ ಕಡೆಯಲ್ಲಿಯೂ ಗೇಣು ಯಾರದೆಂಬ ಪ್ರಶ್ನೆ ಉಳಿಯುತ್ತದೆ. ಗೇಣನ್ನು 22 ಸೆಂಟಿಮೀಟರ್ ಹಿಡಿಯುವುದಕ್ಕೂ 23 ಹಿಡಿಯುವುದಕ್ಕೂ ಉದ್ದದಲ್ಲಿ ನಾಲ್ಕೂವರೆ ಪ್ರತಿಶತ ಅಂತರ, ವಿಸ್ತೀರ್ಣದಲ್ಲಿ ಒಂಬತ್ತು ಪ್ರತಿಶತಕ್ಕೂ ಹೆಚ್ಚು. ಒಂದು ಬೆರಳಿನ ದಪ್ಪಕ್ಕಿಂತ ಕಡಿಮೆ ಅಂತರವು ಹತ್ತು ಎಕರೆಯಲ್ಲಿ ಸುಮಾರು ಒಂದು ಎಕರೆಯನ್ನು ನುಂಗಿಬಿಡುತ್ತದೆ. ಆದ್ದರಿಂದ ಲೇಖನಗಳಲ್ಲಿ ಹನ್ನೆರಡು ಮತ್ತರು ಎಂದಿದ್ದರೆ ನಾನು ಹನ್ನೆರಡು ಮತ್ತರು ಎಂದೇ ಬಿಡುತ್ತೇನೆ, ಆವರಣದಲ್ಲಿ ಹೆಕ್ಟೇರ್ ಸೇರಿಸುವುದಿಲ್ಲ.

ಲೆಕ್ಕದ ಮಾಸ್ತರು, ಹಾವೇರಿ

ಒಪ್ಪಲಾರೆ. ಅಂದಾಜು ಎಂದು ಹೇಳಿ ಕೆಳಗಿನ ಮಿತಿ, ಮೇಲಿನ ಮಿತಿ ಎರಡನ್ನೂ ಕೊಟ್ಟರೆ ಓದುಗನಿಗೆ ಗಾತ್ರದ ಕಲ್ಪನೆಯಾದರೂ ಬರುತ್ತದೆ. ಏನನ್ನೂ ಕೊಡದಿದ್ದರೆ ಹನ್ನೆರಡು ಮತ್ತರು ಹಿತ್ತಲೋ ಊರೋ ಎಂದು ಅವನಿಗೆ ಹೇಗೆ ತಿಳಿಯಬೇಕು?

ಗದಗಿನ ಶಾಸನಾಸಕ್ತ

ಮಿತಿಗಳನ್ನು ಕೊಟ್ಟರೆ ಓದುಗನು ಮಧ್ಯದ ಅಂಕಿಯನ್ನು ತೆಗೆದುಕೊಂಡು ಹೋಗುತ್ತಾನೆ, ಮುಂದಿನ ಲೇಖಕನು ಅದನ್ನೇ ಸತ್ಯವೆಂದು ಉದ್ಧರಿಸುತ್ತಾನೆ. ಆದರೂ ತಮ್ಮ ಮಾತಿನಲ್ಲಿ ಹುರುಳಿದೆ. ಗಳೆಯ ಉದ್ದವನ್ನು ಶಾಸನವೇ ಹೇಳಿರುವ ಕಡೆ ಮಿತಿಗಳನ್ನು ಕೊಡಬಹುದು, ಹೇಳದಿರುವ ಕಡೆ ಸುಮ್ಮನಿರುವುದೇ ಲೇಸು.

ಕುಂದಗೋಳ ಸಂಸ್ಥಾನ

ಶಾಸನದ ಕಾಲ ಹೋಗಲಿ, ನೂರೈವತ್ತು ವರ್ಷದ ಹಿಂದಿನ ಕಾಗದಕ್ಕೂ ಅದೇ ಎಚ್ಚರ ಬೇಕು. ಕುಂದಗೋಳ ಜಮಖಂಡಿ ಸಂಸ್ಥಾನಕ್ಕೆ, ಶಿರಹಟ್ಟಿ ಸಾಂಗಲಿಗೆ, ಲಕ್ಷ್ಮೇಶ್ವರ ಮೀರಜಕ್ಕೆ ಸೇರಿದ್ದವು. ಸಂಸ್ಥಾನದ ಸನದುಗಳಲ್ಲಿ ಬಿಘೆಯ ಲೆಕ್ಕ ಕಂಡರೆ ಅಂತರ್ಜಾಲದಲ್ಲಿ ಸಿಗುವ ಉತ್ತರಭಾರತದ ಬಿಘೆಯನ್ನು ಹಿಡಿದು ಗುಣಿಸಬೇಡಿ. ಮರಾಠಿ ಪದ್ಧತಿಯಲ್ಲಿ 20 ಪಾಂಡಿಗೆ ಒಂದು ಬಿಘೆ, 120 ಬಿಘೆಗೆ ಒಂದು ಚಾಹೂರು, ಮತ್ತು ಅಳೆಯುವ ಕಾಠಿಯ ಉದ್ದ ಸ್ಥಳದಿಂದ ಸ್ಥಳಕ್ಕೆ ಬದಲಾಗುತ್ತಿತ್ತು. ಅದೇ ಹೊಲಕ್ಕೆ ನಂತರ ಮೋಜಣಿಯಾಗಿ ಬಂದ ಎಕರೆ-ಗುಂಟೆ ಸಿಕ್ಕರೆ, ಅದನ್ನು ಬಿಘೆಯ ಪಕ್ಕದಲ್ಲಿಟ್ಟು ಆ ಊರಿನ ಬಿಘೆ ಎಷ್ಟಿತ್ತು ಎಂದು ಹಿಂದಿನಿಂದ ಲೆಕ್ಕ ಹಾಕುವುದೇ ಸರಿಯಾದ ದಾರಿ.

ಶಿಗ್ಗಾವಿ ಹೊಲದವರು

ಎಲ್ಲರಿಗೂ ವಂದನೆಗಳು. ಸರಪಳಿಯ ಗೊಂದಲ ತಿಳಿಯಾಯಿತು, ಅಳಿಯಂದಿರೂ ಒಪ್ಪಿದರು. ಆದರೆ ನನ್ನ ತಮ್ಮನು ಮೊಬೈಲಿನ ಆ್ಯಪ್ ಹಿಡಿದು ಬದುವಿನ ಗುಂಟ ನಡೆದು ಬಂದು 1 ಎಕರೆ 21 ಗುಂಟೆ ಇದೆ ಎನ್ನುತ್ತಿದ್ದಾನೆ. ಹೆಚ್ಚುವರಿ ಮೂರು ಗುಂಟೆ ತನ್ನ ಪಾಲಿಗೆ ಬರಬೇಕೆಂಬುದು ಅವನ ವಾದ.

ತಾಲೂಕು ಕಂಪ್ಯೂಟರಿನವ

ತಮ್ಮನಿಗೆ ಒಂದು ಲೆಕ್ಕ ತೋರಿಸಿ. ತ್ರಿಕೋನದ ಪಾಯ 186 ಮೀಟರ್, ಎತ್ತರ 63 ಮೀಟರ್ ಆದರೆ ಸುತ್ತಳತೆ 410 ಮೀಟರಿಗಿಂತ ಕಡಿಮೆಯಾಗಲು ಸಾಧ್ಯವಿಲ್ಲ. ಸುತ್ತಲೂ ಗಡಿಯಿಂದ ಒಂದೇ ಒಂದು ಮೀಟರ್ ಹೊರಗೆ ನಡೆದರೆ 400 ಚದರ ಮೀಟರಿಗೂ ಮೇಲೆ, ಅಂದರೆ ನಾಲ್ಕು ಗುಂಟೆ ಹೆಚ್ಚಾಗುತ್ತದೆ. ಬದುವಿನ ಮೇಲೆ ಮುಳ್ಳುಕಂಟಿ ಇದ್ದ ಕಡೆ ಆಚೆ ಬದಿಯಿಂದ ನಡೆದಿರಬಹುದು. ಅದಲ್ಲದೆ ಮೊಬೈಲಿನ ಜಿಪಿಎಸ್ ತಾನೇ ಕೆಲವು ಮೀಟರ್ ಅತ್ತಿತ್ತ ತೋರಿಸುತ್ತದೆ. ಅವನ ಮೂರು ಗುಂಟೆ ಹೊಲದಲ್ಲಿಲ್ಲ, ಅವನು ನಡೆದ ದಾರಿಯಲ್ಲಿದೆ.

ನಿವೃತ್ತ ಭೂಮಾಪಕ, ಧಾರವಾಡ

ತಮ್ಮನನ್ನು ಅಷ್ಟು ಬೇಗ ತಳ್ಳಿಹಾಕಬೇಡಿ. ಮೂಲ ಅಳತೆಯೂ ದೇವರ ವಾಕ್ಯವಲ್ಲ. ಕಬ್ಬಿಣದ ಸರಪಳಿಯು ಎಳೆದೆಳೆದು ಕೊಂಡಿಗಳು ಸವೆದು ಹಿಗ್ಗುತ್ತದೆ. 33 ಅಡಿಯ ಸರಪಳಿಯು ನಾಲ್ಕು ಇಂಚು ಹಿಗ್ಗಿದ್ದರೆ ಉದ್ದದಲ್ಲಿ ಒಂದು ಪ್ರತಿಶತ, ವಿಸ್ತೀರ್ಣದಲ್ಲಿ ಎರಡು ಪ್ರತಿಶತ ವ್ಯತ್ಯಾಸ ಬರುತ್ತದೆ, ಮತ್ತು ಹಿಗ್ಗಿದ ಸರಪಳಿಯು ನೆಲವನ್ನು ಯಾವಾಗಲೂ ಕಡಿಮೆ ತೋರಿಸುತ್ತದೆ. ಶಿಗ್ಗಾವಿಯವರ ಹೊಲದಲ್ಲಿ ಅದು ಒಂದು ಗುಂಟೆಗಿಂತ ಸ್ವಲ್ಪ ಹೆಚ್ಚಾದೀತು. ಅಂದರೆ ಒಂದು ಗುಂಟೆ ನಿಜವಾಗಿಯೂ ನೆಲದಲ್ಲಿರಬಹುದು, ಮೂರು ಇರುವುದು ಕಷ್ಟ.

ಊರ ನಕ್ಷೆಯನ್ನು ಸ್ಕ್ಯಾನ್ ಮಾಡಿ ಅದರ ಮೇಲೆ ಅಳೆದು ತೀರ್ಮಾನಿಸುತ್ತೇವೆ ಎನ್ನುವವರಿಗೂ ಒಂದು ಮಾತು. ನಮ್ಮ ಹಳೆಯ ಗ್ರಾಮ ನಕ್ಷೆಗಳ ಪ್ರಮಾಣ ಸಾಮಾನ್ಯವಾಗಿ ಒಂದು ಮೈಲಿಗೆ ಎಂಟು ಇಂಚು, ಅಂದರೆ 1:7920. ಕಾಗದದ ಮೇಲಿನ ಒಂದು ಚದರ ಇಂಚು ನೆಲದ ಮೇಲೆ ಹತ್ತು ಎಕರೆ. ಶಿಗ್ಗಾವಿಯವರ ಉದ್ದನೆಯ ಬದು ಅಲ್ಲಿ ಎರಡೂವರೆ ಸೆಂಟಿಮೀಟರೂ ಇರುವುದಿಲ್ಲ, ಅರ್ಧ ಮಿಲಿಮೀಟರ್ ದಪ್ಪದ ಶಾಯಿಯ ಗೆರೆಯು ನೆಲದಲ್ಲಿ ನಾಲ್ಕು ಮೀಟರ್ ಅಗಲ. ಆ ಗೆರೆಯೊಳಗೆ ಬಂಡಿ ಹೊಡೆಯಬಹುದು. ವಾಟ್ನಿಗೆ ಆಧಾರ ಟಿಪ್ಪಣಿಯ ಅಂಕಿಗಳು ಮತ್ತು ನೆಲದ ಬಾಂದಗಲ್ಲುಗಳೇ ಹೊರತು ನಕ್ಷೆಯ ಗೆರೆಯಲ್ಲ.

ಕಲಘಟಗಿಯವ

ಹಾಗಾದರೆ ಮಾಸ್ತರರ 5848.97 ಚದರ ಮೀಟರಿನ ಕೊನೆಯ ಎರಡು ಅಂಕಿಗಳಿಗೆ ಏನರ್ಥ?

ಲೆಕ್ಕದ ಮಾಸ್ತರು, ಹಾವೇರಿ

ಗುಣಾಕಾರ ಸರಿಯಿದೆ ಎಂಬ ಅರ್ಥ, ಅಷ್ಟೆ. ನೆಲವನ್ನು ಅಂಗೈ ಅಗಲಕ್ಕೆ ಅಳೆದಿದ್ದಾರೆ ಎಂಬ ಅರ್ಥ ಅದಕ್ಕಿಲ್ಲ. ಪತ್ರದಲ್ಲಿ 5849 ಚದರ ಮೀಟರ್ ಎಂದು ಬರೆದು, ಪಕ್ಕದಲ್ಲಿ ಮೂಲ ಅಳತೆಯಾದ 1 ಎಕರೆ 17 ಗುಂಟೆ 13 ಆಣೆಯನ್ನೂ ಬರೆಯಿರಿ. ಹಾಗೆಂದು ತೀರಾ ಮೊಟಕುಗೊಳಿಸಲೂ ಬಾರದು. ಹೆಕ್ಟೇರಿನಲ್ಲಿ ಎರಡೇ ದಶಾಂಶ ಉಳಿಸಿ ಮುಂದಿನದನ್ನು ಕತ್ತರಿಸಿದರೆ ನೂರು ಚದರ ಮೀಟರಿನವರೆಗೆ, ಅಂದರೆ ಹೆಚ್ಚುಕಡಿಮೆ ಹದಿನಾರು ಆಣೆ ಹೋಗಿಬಿಡಬಹುದು. ಆಣೆಯ ಲೆಕ್ಕ ಉಳಿಯಬೇಕಾದರೆ ಹೆಕ್ಟೇರಿಗೆ ನಾಲ್ಕು ದಶಾಂಶ ಬೇಕೇ ಬೇಕು.

ಬೆಳಗಾವಿ ಗಡಿಯವ

ಮಹಾರಾಷ್ಟ್ರದ ಸಾತ್‌ಬಾರಾ ಉತಾರಗಳಲ್ಲಿ ಹೆಕ್ಟೇರ್-ಆರ್ ಬಂದಿದೆ. ಅದೇ ಮುಂಬಯಿ ಪ್ರಾಂತದ ಮೋಜಣಿಯಿಂದ ಬಂದ ನಾವು ಇನ್ನೂ ಎಕರೆ-ಗುಂಟೆಯಲ್ಲಿದ್ದೇವೆ. ದೇಶವು ಮೆಟ್ರಿಕ್ ಅಳತೆಯ ಕಾಯ್ದೆಯನ್ನು 1956ರಲ್ಲೇ ಮಾಡಿಕೊಂಡಿದೆ. ನಾವೂ ಬದಲಾಯಿಸಿದ್ದರೆ ಈ ಪ್ರಶ್ನೆಯೇ ಏಳುತ್ತಿರಲಿಲ್ಲ.

ಅಣ್ಣಿಗೇರಿ ಎರಿಹೊಲ

ಏಳುತ್ತಿತ್ತು. ಟಿಪ್ಪಣಿ ಸರಪಳಿಯಲ್ಲೇ ಇರುತ್ತಿತ್ತು, ಉತಾರ ಹೆಕ್ಟೇರಿನಲ್ಲಿರುತ್ತಿತ್ತು, ನಡುವಿನ ಗುಣಾಕಾರವನ್ನು ಯಾರು ಹೇಗೆ ಮಾಡಿದರೆಂದು ನಾವು ಇಲ್ಲಿಯೇ ಕುಳಿತು ಜಗಳಾಡುತ್ತಿದ್ದೆವು.

ಧಾರವಾಡ ವಕೀಲ

ಅಂಕಿ ಹೊಂದದಿದ್ದಾಗ ಮೊದಲು ಖರಾಬನ್ನು ನೋಡಿ ಎಂಬುದು ನನ್ನ ಸಲಹೆ. ಹೆದ್ದಾರಿಗೆ ಹೋದ ಜಮೀನಿನ ನೋಟಿಸಿನಲ್ಲಿ ಚದರ ಮೀಟರ್ ಇರುತ್ತದೆ, ಉತಾರದಲ್ಲಿ ಎಕರೆ-ಗುಂಟೆ ಇರುತ್ತದೆ, ಗುಣಿಸಿ ನೋಡಿದಾಗ ಕೆಲವು ಗುಂಟೆ ಕಡಿಮೆ ಬಂದರೆ ಪರಿವರ್ತನೆ ತಪ್ಪಿದೆ ಎಂದು ಕಕ್ಷಿದಾರರು ಓಡಿಬರುತ್ತಾರೆ. ಬಹಳ ಸಲ ಪರಿವರ್ತನೆ ಸರಿಯಾಗಿಯೇ ಇರುತ್ತದೆ. ಒಂದು ಕಡೆ ಒಟ್ಟು ವಿಸ್ತೀರ್ಣವನ್ನೂ ಇನ್ನೊಂದು ಕಡೆ ಖರಾಬು ಕಳೆದ ಸಾಗುವಳಿ ವಿಸ್ತೀರ್ಣವನ್ನೂ ಹಿಡಿದಿರುತ್ತಾರೆ. ಅ ಖರಾಬು ಹಿಡುವಳಿದಾರನ ಜಮೀನಿನಲ್ಲಿಯೇ ಇರುವ, ಸಾಗುವಳಿಗೆ ಬಾರದ ನೆಲ. ಬ ಖರಾಬು ದಾರಿ, ಹಳ್ಳ ಮೊದಲಾದ ಸಾರ್ವಜನಿಕ ಬಳಕೆಯ ನೆಲ. ಎರಡನ್ನೂ ಬೇರೆ ಬೇರೆಯಾಗಿ ಮೀಟರಿಗೆ ತಿರುಗಿಸಿ ಬರೆದರೆ ಅರ್ಧ ತಕರಾರು ಅಲ್ಲೇ ಮುಗಿಯುತ್ತದೆ.

ಶಿಗ್ಗಾವಿ ಹೊಲದವರು

ನಮ್ಮ ಉತಾರದಲ್ಲಿ ಖರಾಬಿನ ಅಂಕಣ ಖಾಲಿಯಿದೆ. ಭೂಮಾಪಕರನ್ನು ಕರೆಸಿ ಬಾಂದಗಲ್ಲಿನಿಂದ ಬಾಂದಗಲ್ಲಿಗೆ ಹದ್ದುಬಸ್ತು (ಗಡಿ ಗುರುತು) ಮಾಡಿಸಲು ಅರ್ಜಿ ಕೊಡುತ್ತಿದ್ದೇವೆ, ತಮ್ಮನೂ ಸಹಿ ಹಾಕಲು ಒಪ್ಪಿದ್ದಾನೆ.

ಹಳೇಹುಬ್ಬಳ್ಳಿ ಮನೆಯವರು

ನಡುವೆ ಬಾಯಿ ಹಾಕುತ್ತಿರುವುದಕ್ಕೆ ಕ್ಷಮೆ ಇರಲಿ. ನಮ್ಮದು ಹೊಲವಲ್ಲ, ಓಣಿಯ ಮನೆ. ಸಿಟಿ ಸರ್ವೆ ಉತಾರದಲ್ಲಿ 133 ಚದರ ಯಾರ್ಡ್ ಎಂದಿದೆ. ಇದಕ್ಕೂ 33 ಅಡಿಯ ಸರಪಳಿಯ ಲೆಕ್ಕವೇ?

ತಾಲೂಕು ಕಂಪ್ಯೂಟರಿನವ

ಅಲ್ಲ. ಒಂದು ಚದರ ಯಾರ್ಡ್ ಎಂದರೆ 9 ಚದರ ಅಡಿ, 0.8361 ಚದರ ಮೀಟರ್. ನಿಮ್ಮದು 1197 ಚದರ ಅಡಿ, 111.2 ಚದರ ಮೀಟರ್. ಗುಂಟೆಯಲ್ಲಿ ಬೇಕಾದರೆ 121ರಿಂದ ಭಾಗಿಸಿ, 1 ಗುಂಟೆ ಒಂದೂವರೆ ಆಣೆಯಷ್ಟು ಬರುತ್ತದೆ.